ಚಕ್ಕಿನ ಹಲ್ಲು

ಕೊಟ್ಟೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿ ಕೊಳ್ಳಲು ನಿಂತಿದ್ದೆ. ನನ್ನ ಮುಂದೆ ಒಬ್ಬ ತಾಯಿ, ಅವರ ಮಗ. ಮೇಜಿನ ಮೇಲೆ ಡ್ರಿಲ್ ಯಂತ್ರದ ಮೂತಿಗೆ ಹಾಕುವ ಎರಡು ಚಕ್: ಒಂದು ಅಗ್ಗದ ಹೊಸದು, ಇನ್ನೊಂದು ಯಾರೋ ಬಳಸಿದ ಒಳ್ಳೆ ಕಂಪನಿಯದು. ಬೆಲೆ ಒಂದೇ. ನಾನಾಗಿದ್ದರೆ ಹೊಸದನ್ನೇ ಎತ್ತಿಕೊಳ್ಳುತ್ತಿದ್ದೆ.

"ಹೊಸಾದ ತಗೊಳ್ಳೋಣವ್ವ. ಹೆಂಗ ಹೊಳಿತೈತಿ ನೋಡು."

"ತಡಿಲೇ ಬೀರಲಿಂಗೇಶ. ತೂತು ಹೊಡಿಯೋ ಕಡ್ಡೀನ ಇದು ಎಲ್ಲಿ ಹಿಡಿತೈತಿ?"

"ಒಳಗ ಮೂರು ಹಲ್ಲು ಅದಾವಲ್ಲ, ಅಲ್ಲಿ."

ಸಂತೆಯಲ್ಲಿ ಕುರಿಯ ಬಾಯಿ ತೆರೆದು ನೋಡುವವರಂತೆ ತಾಯಿ ಒಂದೊಂದರೊಳಗೂ ಬೆರಳಿಟ್ಟು, ಮೆಲ್ಲಗೆ ತಿರುಗಿಸಿದರು.

"ಹೊಸಾದ್ರಾಗ ಒಂದು ಹಲ್ಲು ಹಿಂದ ಉಳಿತೈತಿ. ಹಳೇದ್ರಾಗ ಮೂರೂ ಕೂಡೇ ಬರ್ತಾವ."

ಮಗನೂ ಬೆರಳಿಟ್ಟ.

"ಹೌದವ್ವ! ನನ್ನ ಮಷಿನ್ನಿನ ಚಕ್ಕಿನಾಗೂ ಒಂದು ಹಲ್ಲು ಹಿಂಗ ಹಿಂದ ಉಳಿತಿರಬೇಕು. ಅದಕ್ಕ ಅರಸೀಕೆರಿಯವ್ರಿಗೆ ಮಾಡಿದ ಗೇಟಿಗೆ ತೂತು ವಾರಿ ಬಿದ್ದು, ಗೇಟು ವಾಪಸ್ ಬಂತು."

"ಮತ್ತ ಐಟಿಐನಾಗ ಎರಡು ವರ್ಷ ಏನ್ ಕಲ್ತಿ?"

"ಚಕ್ಕಿನ ಪಾಠ ಆಗಿತ್ತವ್ವ. ಬೋರ್ಡಿನ ಮ್ಯಾಲ ಚಿತ್ರ ಬರೆದು ತೋರಿಸಿದ್ರು."

ತಾಯಿ ಹಳೆಯದನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದರು.

"ಚಿತ್ರದ ಬಾಯಾಗ ಬೆರಳು ಹೋಗಂಗಿಲ್ಲಲೇ."