ಮೂರನೆಯ ಸಲ ಯಾರೂ ಕೇಳಲಿಲ್ಲ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡಿದರೆ ಹಿಂದೆ ಕೂತವರು ಆಗಲೇ ಆಕಳಿಸುತ್ತೀರಿ. 'ಈ ಶ್ರೀಮಂತ ಕೊನೆಗೆ ಸಾಯುತ್ತಾನೆ, ಬರಿಗೈಯಲ್ಲಿ ಹೋಗುತ್ತಾನೆ, ಸ್ವಾಮಿಗಳು ಪ್ರತಿ ಶ್ರಾವಣದಲ್ಲೂ ಅದನ್ನೇ ಹೇಳುತ್ತಾರೆ' ಅಂತ. ಇಲ್ಲ. ಈ ಶ್ರೀಮಂತ ಸಾಯುವುದಿಲ್ಲ. ಈತ ವಿಮಾನ ಹತ್ತುತ್ತಾನೆ. ಎಚ್ಚರವಾಯಿತಲ್ಲ? ಹಾಗಾದರೆ ಕೇಳಿ.

ಬ್ಯಾಡಗಿ ಸೀಮೆಯ ಒಂದೂರು. ಅಲ್ಲೊಬ್ಬ ಮೆಣಸಿನಕಾಯಿ ವ್ಯಾಪಾರದ ಸಾಹುಕಾರ. ಹೆಂಡತಿ ಗಂಗವ್ವ ತೀರಿಕೊಂಡು ನಾಲ್ಕು ವರ್ಷ. ಆತನಿಗೆ ಒಂದು ಹೆಮ್ಮೆ ಇತ್ತು ನೋಡಿ. ಅರವತ್ತೆಂಟು ವರ್ಷದಲ್ಲಿ ಯಾರ ಮುಂದೆಯೂ 'ಬೇಕು' ಅಂದವನಲ್ಲ. ಪೇಟೆಯಲ್ಲಿ ಮೊದಲು 'ಒಲ್ಲೆ' ಅಂದವನಿಗೇ ದರ ಕುದುರುತ್ತದೆ. ಮನೆಯಲ್ಲಿ ಮೊದಲು 'ಒಲ್ಲೆ' ಅಂದವನಿಗೇ ಮರ್ಯಾದೆ ಹೆಚ್ಚುತ್ತದೆ. ಆತ ಎರಡನ್ನೂ ಕಲಿತಿದ್ದ.

ನಮ್ಮ ಕಡೆಯ ಪದ್ಧತಿ ನಾನು ನಿಮಗೆ ಹೇಳಬೇಕೆ? ಬೀಗರು ಬರುತ್ತಾರೆ. 'ಚಾ ತಗೋರಿ.' 'ಒಲ್ಲೆರಿ, ಈಗ ಕುಡದ ಬಂದೀನಿ.' 'ಅಯ್ಯ, ಹಂಗಂದ್ರ ಹೆಂಗ್ರಿ?' 'ಬ್ಯಾಡ್ರಿ, ಪಿತ್ತ ಆಗತೈತಿ.' 'ಅರ್ಧಾ ಕಪ್ಪರ ತಗೋರಿ!' 'ಹೂಂ, ನೀವು ಇಷ್ಟ ಅಂತೀರಿ ಅಂದಮ್ಯಾಲೆ...' ಆಮೇಲೆ ಎರಡು ಕಪ್ಪು ಕುಡಿದು, ಬಸಿಯಲ್ಲಿ ಉಳಿದದ್ದನ್ನೂ ಸುರ್ರೆಂದು ಎಳೆದು ಹೋಗುತ್ತಾರೆ. ಪಿತ್ತ ಎಲ್ಲಿ ಹೋಯಿತೋ ಶಿವನೇ ಬಲ್ಲ. ಮೂರನೆಯ ಸಲ ಕೇಳಿದ ಮೇಲೆಯೇ ಒಪ್ಪಬೇಕು. ಮೊದಲನೆಯ ಸಲಕ್ಕೇ ಒಪ್ಪಿದವನು ಹಸಿದು ಬಂದವನು, ಗತಿಯಿಲ್ಲದವನು.

ಸಾಹುಕಾರ ಈ ವಿದ್ಯೆಯಲ್ಲಿ ಪಂಡಿತ. ಮದುವೆಯೂಟದಲ್ಲಿ ತುಪ್ಪದವನು ಬಂದರೆ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು 'ಬ್ಯಾಡ, ಬ್ಯಾಡ' ಅನ್ನುತ್ತಿದ್ದ. ಬೆರಳುಗಳ ನಡುವೆ ತುಪ್ಪ ಇಳಿಯುವಷ್ಟು ಸಂದಿ ಮಾತ್ರ ಬಿಟ್ಟಿರುತ್ತಿದ್ದ.

ಆತನಿಗೆ ಒಬ್ಬಳೇ ಮಗಳು. ಹಾಲೆಂಡ್ ಎಂಬ ದೇಶದಲ್ಲಿ ನರ್ಸ್. ಅಳಿಯ ಅಲ್ಲೇ ಹೂವಿನ ತೋಟದಲ್ಲಿ ಕೆಲಸಕ್ಕಿದ್ದಾನೆ. ಹನ್ನೊಂದು ವರ್ಷವಾಯಿತು. ಎಂಟು ವರ್ಷದ ಮೊಮ್ಮಗಳಿದ್ದಾಳೆ. ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ, ಗಂಗಾ. ಸಾಹುಕಾರನ ಬಾಯಲ್ಲಿ ಗಂಗವ್ವ. ಒಂದು ದಿನ ಮಗಳು ಫೋನಿನಲ್ಲಿ ಹೇಳಿದಳು:

'ಅಪ್ಪಾ, ಇಕಿ ಸಾಲ್ಯಾಗ ವರ್ಷಕ್ಕೊಮ್ಮೆ ಅಜ್ಜ-ಅಜ್ಜಿ ದಿನ ಮಾಡ್ತಾರ. ಪ್ರತಿ ಹುಡುಗರ ಬಾಜೂಕ ಒಂದೊಂದು ಕುರ್ಚಿ. ಎಲ್ಲಾರ ಅಜ್ಜಂದಿರೂ ಬಂದು ತಮ್ಮ ಸಣ್ಣಂದಿನ ಕಥಿ ಹೇಳ್ತಾರ. ಇಕಿ ಬಾಜೂಕಿನ ಕುರ್ಚಿ ಮೂರು ವರ್ಷದಿಂದ ಖಾಲಿ ಐತಿ.'

ಆ ಮಾತು ಸಾಹುಕಾರನ ಎದೆಗೆ ನಾಟಿತು. ಹೊಸ ಧೋತರ ತಂದ. ಜರಿಯಂಚಿನ ಹೊಸ ರುಮಾಲು ತಂದ. ಮಕ್ಕಳಿಗೆ ತೋರಿಸಲೆಂದು ಒಂದು ಚೀಲದಲ್ಲಿ ಮುಷ್ಟಿ ಮೆಣಸಿನಕಾಯಿ ಕಟ್ಟಿಕೊಂಡ. 'ನೋಡ್ರಿ ಮಕ್ಕಳಾ, ಇದಕ್ಕ ಬಣ್ಣ ಭಾಳ, ಖಾರ ಕಡಿಮಿ' ಅಂತ ಕನ್ನಡಿಯ ಮುಂದೆ ನಿಂತು ಭಾಷಣ ಕಲಿತ. ಆ ಕುರ್ಚಿಯ ಮೇಲೆ ಕೂರುವುದಕ್ಕಾಗಿಯೇ ಆತ ಕಡಲು ದಾಟಿದ. ಇದನ್ನು ನೆನಪಿನಲ್ಲಿಡಿ.

ವಿಮಾನದಲ್ಲಿ ಊಟದ ಗಾಡಿ ತಳ್ಳಿಕೊಂಡು ಒಬ್ಬ ಹುಡುಗಿ ಬಂದಳು. ನಗುತ್ತ ಕೇಳಿದಳು. ಸಾಹುಕಾರ ಎದೆಯ ಮೇಲೆ ಕೈಯಿಟ್ಟು 'ಒಲ್ಲೆ' ಅಂದ. ಆಕೆ ಇನ್ನೊಮ್ಮೆ ನಕ್ಕು ಮುಂದೆ ಹೋದಳು. ತಿರುಗಿ ಬರುತ್ತಾಳೆ ಎಂದು ಈತ ಕಾದ. ಮುಂದಿನ ಸಾಲಿಗೆ ಕೊಟ್ಟಳು. ಅದರ ಮುಂದಿನ ಸಾಲಿಗೂ ಕೊಟ್ಟಳು. ಕೊನೆಗೆ ಗಾಡಿಯೇ ಪರದೆಯ ಹಿಂದೆ ಹೋಯಿತು. ಒಂಬತ್ತು ತಾಸು! ಪಕ್ಕದವನು ಅನ್ನ ಕಲಸುವುದನ್ನು ನೋಡುತ್ತ, ಮರ್ಯಾದೆಯನ್ನೇ ಉಂಡು ಹಾಲೆಂಡಿನಲ್ಲಿ ಇಳಿದ.

ಅಲ್ಲಿ ಬೆಳಿಗ್ಗೆ ಮಗಳಿಗೆ ಡ್ಯೂಟಿಗೆ ಹೋಗುವ ಗಡಿಬಿಡಿ. ಅಜ್ಜನ ನಾಷ್ಟಾದ ಜವಾಬ್ದಾರಿ ಮೊಮ್ಮಗಳದು. ಆಕೆಗೆ ಅದು ದೊಡ್ಡ ಹುದ್ದೆ.

'ಅಜ್ಜಾ, ಬ್ರೆಡ್ ಬೇಕಾ?'

'ಒಲ್ಲೆ ಬಿಡವಾ.'

'ಸರಿ. ಹಾಲು?'

'ಬ್ಯಾಡವಾ.'

'ಸರಿ.' ಬ್ರೆಡ್ಡು ಡಬ್ಬಿಗೆ ಹೋಯಿತು, ಹಾಲು ಫ್ರಿಜ್ಜಿಗೆ ಹೋಯಿತು, ಹುಡುಗಿ ಶಾಲೆಗೆ ಹೋದಳು. ಮನೆಯಲ್ಲಿ ಸಾಹುಕಾರನೂ ತುಂಬಿದ ಫ್ರಿಜ್ಜೂ ಎದುರುಬದುರಾಗಿ ಉಳಿದರು. ಕೈಯಾರೆ ತೆಗೆದು ತಿನ್ನಬಹುದಿತ್ತಲ್ಲ? ಛೆ ಛೆ, ಕೊಟ್ಟ ಹೆಣ್ಣಿನ ಮನೆಯಲ್ಲಿ ಯಾರೂ ಹೇಳದೆ ಬಾಗಿಲು ತೆಗೆಯುವುದೆ? ಸಂಜೆ ಮಗಳು ರೊಟ್ಟಿ ಬಡಿದು ನೇರವಾಗಿ ತಟ್ಟೆಗೇ ಹಾಕುತ್ತಿದ್ದಳು. ಅದರ ಮೇಲೆ ಜೀವ ಹಿಡಿದ. 'ಅಪ್ಪಾ, ಇಲ್ಲಿ ಬಂದ ಮ್ಯಾಲೆ ನಿನ್ನ ಹಸಿವು ಭಾಳ ಚಲೋ ಆಗೈತಿ' ಎಂದು ಆಕೆ ಸಂತೋಷಪಟ್ಟಳು.

ಮೂರನೆಯ ದಿನ ಮೊಮ್ಮಗಳು ಬಂದು ಎದುರಿಗೆ ನಿಂತಳು. ಕೈ ಹಿಂದೆ ಕಟ್ಟಿಕೊಂಡಿದ್ದಳು.

'ಅಜ್ಜಾ, ಶುಕ್ರವಾರ ಸಾಲ್ಯಾಗ ಅಜ್ಜ-ಅಜ್ಜಿ ದಿನ. ನೀ ನನ್ನ ಜೋಡಿ ಬರ್ತಿ?'

ಸಾಹುಕಾರನ ಜೀವ ಹಿಗ್ಗಿತು. ಒಳಗೆಲ್ಲ 'ಹೂಂ, ಹೂಂ' ಅಂತಿತ್ತು. ಆದರೆ ಬಾಯಿ? ಬಾಯಿಗೆ ಅರವತ್ತೆಂಟು ವರ್ಷದ ರೂಢಿ.

'ಅಯ್ಯ, ನಾ ಯಾಕ ಬಿಡವಾ. ನಿಮ್ಮ ಸಾಲಿ ಎಲ್ಲಿ, ಈ ಮುದುಕ ಎಲ್ಲಿ.'

ಹುಡುಗಿ ಹಿಂದೆ ಕಟ್ಟಿದ್ದ ಕೈ ಬಿಟ್ಟಳು. 'ಸರಿ ಅಜ್ಜಾ' ಅಂದು ಹೋದಳು. ಒಂದು ಸಲ ಆಯಿತು.

ಸಂಜೆ ಮಗಳು ಕೇಳಿದಳು. 'ಅಪ್ಪಾ, ಸಾಲಿಗೆ ಒಲ್ಲೆ ಅಂದಿಯಂತ? ನೀ ಬಂದಿದ್ದ ಅದಕ್ಕಲ್ಲಾ?'

'ಹೋಗ್ಲಿ ಬಿಡವಾ, ನನಗ ಆ ಭಾಷಾ ಏನು ತಿಳೀತೈತಿ.'

ಎರಡು ಸಲ ಆಯಿತು. ಸಾಹುಕಾರ ಕಿವಿ ನಿಗುರಿಸಿ ಕೂತ. 'ಅಯ್ಯ, ಹಂಗಂದ್ರ ಹೆಂಗಪಾ' ಎಂಬ ಒಂದೇ ಒಂದು ಮಾತು ಬರಬೇಕು. ಬಂದರೆ ಸಾಕು, ಒಪ್ಪಿಬಿಡುತ್ತಾನೆ. ಆದರೆ ಹನ್ನೊಂದು ವರ್ಷ ಹೊರಗಿದ್ದ ಮಗಳು ಮೂರನೆಯ ಸಲವನ್ನು ಮರೆತಿದ್ದಳು. 'ಆಯ್ತು, ನಿನಗ ಒತ್ತಾಯ ಮಾಡೂದಿಲ್ಲ. ದಣಿದಿರ್ತಿ' ಅಂದಳು. ಪ್ರೀತಿಯಿಂದಲೇ ಅಂದಳು, ಅದು ಬೇರೆ ಮಾತು.

ಶುಕ್ರವಾರ ಬಂತು. ಸಾಹುಕಾರ ಆರು ಗಂಟೆಗೇ ಸ್ನಾನ ಮಾಡಿದ. ವಿಭೂತಿ ಧರಿಸಿದ. ಹೊಸ ಧೋತರ ಉಟ್ಟ. ಮೂರು ಸಲ ಬಿಚ್ಚಿ ಕಟ್ಟಿ ರುಮಾಲು ಸರಿ ಮಾಡಿಕೊಂಡ. ಮೆಣಸಿನಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರವೇ ಕೂತ. ಇನ್ನೊಂದು ಸಲ ಕೇಳಿಯೇ ಕೇಳುತ್ತಾರೆ, ಇಷ್ಟು ಕಂಡ ಮೇಲೂ ಕೇಳದಿರುತ್ತಾರೆಯೆ?

ಮೊಮ್ಮಗಳು ಚೀಲ ಹೊತ್ತು ಬಂದಳು. 'ಅಜ್ಜಾ, ಭಾಳ ಛಂದ ಕಾಣ್ತಿ! ಎಲ್ಲಿಗೆ ಹೊಂಟಿ?'

ನೋಡಿ, ಈಗಾದರೂ ಹೇಳಬಹುದಿತ್ತು. 'ನಿನ್ನ ಜೋಡಿ' ಅಂದಿದ್ದರೆ ಮುಗಿದಿತ್ತು. ಎರಡೇ ಪದ. ಹೇಳಿದನೆ?

'ಎಲ್ಲಿಗೂ ಇಲ್ಲವಾ. ಸುಮ್ನ ಉಟ್ಟೀನಿ.'

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಪಕ್ಕದ ಮನೆಯ ಮುದುಕಿ. ಕೆಂಪು ಕೋಟು, ಎತ್ತರದ ಆಳು, ಕೈಯಲ್ಲಿ ಸೈಕಲ್ಲು. ಮೊಮ್ಮಗಳು ಆಕೆಯ ಕೈ ಹಿಡಿದು ಹೇಳಿದಳು:

'ನೀ ಒಲ್ಲೆ ಅಂದಿಯಲ್ಲಾ ಅಜ್ಜಾ, ಅದಕ್ಕ ಇವರನ್ನ ಕೇಳಿದೆ. ಒಂದ ಸಲಕ್ಕ ಹೂಂ ಅಂದ್ರು.'

ಇಬ್ಬರೂ ಹೋದರು. ಕೆಂಪು ಕೋಟು ಮೂಲೆ ತಿರುಗುವ ತನಕ ಸಾಹುಕಾರ ಕಿಟಕಿಯಲ್ಲಿ ನಿಂತಿದ್ದ. ಆಮೇಲೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅತ್ತ. ಹೆಂಡತಿ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮರುದಿನ ಶನಿವಾರ. ಶಾಲೆಗೆ ಹೋಗಿ ಉಪಕಾರ ಮಾಡಿದ ಮುದುಕಿಯನ್ನು ಮಗಳು ಮಧ್ಯಾಹ್ನದ ಊಟಕ್ಕೆ ಕರೆದಳು. ಹೋಳಿಗೆ ಮಾಡಿದಳು. ಮಗಳು ಒಲೆಯ ಮುಂದೆ, ಬಡಿಸುವವನು ಸಾಹುಕಾರ. ತನ್ನ ಕುರ್ಚಿಯಲ್ಲಿ ಕೂತವಳೇ ಆದರೂ ಮನೆಗೆ ಬಂದವರಿಗೆ ಬಡಿಸುವಾಗ ಕೈ ಬಿಗಿ ಹಿಡಿಯಬಾರದು ಎಂಬುದು ಆತನ ನೇಮ. ಎರಡು ಹೋಳಿಗೆ ಹಾಕಿದ, ತುಪ್ಪ ಸುರಿದ. ಮುದುಕಿ ತಿಂದು, ಸಾಕು ಎಂದು ಕೈ ಅಡ್ಡ ಹಿಡಿದಳು. ಸಾಹುಕಾರನ ಕಣ್ಣು ಅರಳಿತು. ಆಹಾ, ಎಂಥ ಸಂಸ್ಕಾರವಂತೆ! ಇನ್ನೊಂದು ಹಾಕಿದ. ಆ ಮುದುಕಿಯ ತಾಯಿ ಬಡತನದಲ್ಲಿ ಬೆಳೆಸಿ ಕಲಿಸಿದ್ದಳು, ತಟ್ಟೆಯಲ್ಲಿ ಏನೂ ಬಿಡಬಾರದು. ಸಾಹುಕಾರನ ತಾಯಿ ಕಲಿಸಿದ್ದಳು, ಉಣ್ಣುವವರ ತಟ್ಟೆ ಖಾಲಿ ಬಿಡಬಾರದು. ಆಕೆ ಮುಗಿಸುತ್ತಾಳೆ, ಈತ ಹಾಕುತ್ತಾನೆ. ಆಕೆ ಬೇಡ ಅನ್ನುತ್ತಾಳೆ, ಈತ 'ಹಂಗಂದ್ರ ಹೆಂಗಬೇ' ಅನ್ನುತ್ತಾನೆ. ಏಳನೆಯ ಹೋಳಿಗೆಗೆ ಮುದುಕಿ ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದಳು. ಮಗಳು ನರ್ಸ್ ಆಗಿದ್ದು ಪುಣ್ಯ. ನಾಡಿ ನೋಡಿ, ಬಿಸಿನೀರು ಕುಡಿಸಿ, ಮನೆ ಮುಟ್ಟಿಸಿ ಬಂದಳು.

ಮೊಮ್ಮಗಳಿಗೆ ಸಿಟ್ಟು ನೆತ್ತಿಗೇರಿತ್ತು.

'ಅಜ್ಜಾ! ಅವರು ಬ್ಯಾಡ, ಬ್ಯಾಡ ಅಂತಿದ್ರು. ನೀ ಯಾಕ ಹಾಕಿದಿ?'

'ಹುಚ್ಚಿ, ಬ್ಯಾಡ ಅಂದ್ರ ಬ್ಯಾಡ ಅಂತೇನು? ಅದು ಮರ್ಯಾದಿಗೆ ಅನ್ನೂದು. ನಾವು ಮೂರು ಸಲ ಕೇಳಬೇಕು. ಮೂರನೇ ಸಲಕ್ಕ ಹೂಂ ಅಂತಾರ.'

ಹುಡುಗಿ ಬೆರಳು ಮಡಿಚಿ ಲೆಕ್ಕ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು. 'ಹಂಗಾದ್ರ ನಿನಗ ಬ್ರೆಡ್ ಬೇಕಾಗಿತ್ತಾ?'

ಸಾಹುಕಾರ ನೆಲ ನೋಡಿದ. 'ಬೇಕಾಗಿತ್ತವಾ.'

'ಹಾಲು?'

'ಅದೂ ಬೇಕಾಗಿತ್ತು.'

'ಸಾಲಿಗೆ ಬರೂದು?'

ಸಾಹುಕಾರ ಮೂಲೆಯಲ್ಲಿದ್ದ ಮೆಣಸಿನಕಾಯಿ ಚೀಲದ ಕಡೆ ನೋಡಿದ. ಹುಡುಗಿಗೆ ಅಷ್ಟೇ ಸಾಕಾಯಿತು, ಬಿಕ್ಕಿ ಬಿಕ್ಕಿ ಅತ್ತಳು.

'ಮತ್ಯಾಕ ಒಲ್ಲೆ ಅಂದಿ ಅಜ್ಜಾ? ಮೂರು ವರ್ಷದಿಂದ ಆ ಕುರ್ಚಿ ನಿನಗಂತ ಇಟ್ಟಿದ್ದೆ. ನೀ ಒಲ್ಲೆ ಅಂದಾಗ ನಾ ಅಂದ್ರ ನಿನಗ ಸೇರೂದಿಲ್ಲ ಅಂತ ಅಂದ್ಕೊಂಡೆ.'

ಕೇಳಿದಿರಾ? ಆತ ಮರ್ಯಾದೆ ಎಂದುಕೊಂಡು ಕೊಟ್ಟದ್ದು ಆ ಕೂಸಿಗೆ ಮುಟ್ಟಿದ್ದು ಹೀಗೆ. ಸಾಹುಕಾರ ಆಕೆಯನ್ನು ಎಳೆದು ಅಪ್ಪಿಕೊಂಡ. 'ನಂದ ತಪ್ಪವಾ ಗಂಗವ್ವ, ನಂದ ತಪ್ಪು' ಅಂದ. ಅದನ್ನೂ ಅರವತ್ತೆಂಟು ವರ್ಷದಲ್ಲಿ ಮೊದಲ ಸಲ ಅಂದದ್ದು.

ಮಾರನೆಯ ದಿನದಿಂದ ಹುಡುಗಿ ಯಾವ ಅಪಾಯಕ್ಕೂ ಎಡೆ ಕೊಡಲಿಲ್ಲ. 'ಹಾಲು ಬೇಕಾ, ಹಾಲು ಬೇಕಾ, ಹಾಲು ಬೇಕಾ?' ಎಂದು ಒಂದೇ ಉಸಿರಿಗೆ ಕೇಳಿ, ಉತ್ತರಕ್ಕೆ ಕಾಯದೆ ಸುರಿಯುತ್ತಿದ್ದಳು. ಸಾಹುಕಾರ ನಿಜವಾಗಿಯೂ ಬೇಡ ಅಂದರೂ ನಂಬುತ್ತಿರಲಿಲ್ಲ. ಒಂದು ತಿಂಗಳಲ್ಲಿ ಆತನ ಅಂಗಿಯ ಗುಂಡಿ ಹಾಕಲು ಬರದಂತಾಯಿತು.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಹುಡುಗಿ ಆತನ ಎದುರು ನಿಂತಳು. ಕೈ ಹಿಂದೆ ಕಟ್ಟಿಕೊಂಡಿದ್ದಳು.

'ಅಜ್ಜಾ, ಒಂದು ಮಾತು ಕೇಳ್ತೀನಿ. ಒಂದ ಸಲ ಕೇಳ್ತೀನಿ. ಮುಂದಿನ ವರ್ಷ ಆ ಕುರ್ಚಿಗೆ ಬರ್ತಿ?'

ರೂಢಿಯ ಬಲ ನೋಡಿ! ತುಪ್ಪ ತಡೆಯುವ ಆ ಬಲಗೈ ತಾನಾಗಿ ಮೇಲೆದ್ದಿತು. ಸಾಹುಕಾರ ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದ.

'ಬರ್ತೀನಿ. ಆ ಕುರ್ಚಿ ನಂದು. ನನಗ ಬೇಕು.'

ಊರಿಗೆ ಮರಳುವಾಗ ವಿಮಾನದಲ್ಲಿ ಗಾಡಿಯ ಹುಡುಗಿ ಇನ್ನೂ ನಾಲ್ಕು ಸಾಲು ಆಚೆಗಿದ್ದಳಂತೆ. ಈತ ಎದ್ದು ನಿಂತು, 'ಯವ್ವಾ, ಇಲ್ಲಿ! ಬೇಕು!' ಎಂದು ಕೂಗಿದನಂತೆ.

ನಗುತ್ತಿದ್ದೀರಿ. ನಗಿ. ಈಗ ಸ್ವಲ್ಪ ನಿಮ್ಮ ಮನೆಗೆ ಬರೋಣವೇ?

ತಾಯಂದಿರೇ, 'ಅವ್ವಾ, ಮೊಣಕಾಲು ನೋವಿಗೆ ದವಾಖಾನಿಗೆ ಹೋಗೂಣು ಬಾ' ಎಂದು ಮಗ ಕೇಳಿದರೆ ಏನಂತೀರಿ? 'ಏನಾಗಿಲ್ಲ ಬಿಡೋ' ಅಂತೀರಿ. ಅವನು ಹೋದ ಮೇಲೆ ಪಕ್ಕದ ಮನೆಯ ಕಟ್ಟೆಯಲ್ಲಿ ಕೂತು ಏನಂತೀರಿ? 'ಒಂದ ಮಾತು ಕೇಳಿದ, ಇನ್ನೊಂದ ಮಾತು ಕೇಳಲಿಲ್ಲ' ಅಂತೀರಿ. ಅಣ್ಣ ಹೊಸ ಮನೆಯ ಪ್ರವೇಶಕ್ಕೆ ಫೋನಿನಲ್ಲಿ ಕರೆದ, ಒಂದೇ ಸಲ ಕರೆದ, ಹಾಗಾಗಿ ಹೋಗಲಿಲ್ಲ ಎನ್ನುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನನಗೆ ಗೊತ್ತು. ಹೋಗಬೇಕು ಅನಿಸಿತ್ತೋ ಇಲ್ಲವೋ? ಅನಿಸಿತ್ತು! ರುಮಾಲು ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಿರಿ! ಶಿವನೂ ಹಾಗೆಯೇ ದಿನಕ್ಕೊಮ್ಮೆ ಕೇಳುತ್ತಾನೆ, 'ಬರ್ತಿ?' ಅಂತ. 'ಮೊದಲು ಮಗಳ ಮದುವೆ ಆಗಲಿ, ಆಮೇಲೆ ನೋಡೋಣ' ಅಂತೀರಿ. ಶಿವ ನಿಮ್ಮ ಬೀಗನೇನು, ಮೂರು ಸಲ ಕೇಳಲು?

ಆದ್ದರಿಂದ ಇವತ್ತಿನಿಂದ ಇಷ್ಟು ಮಾಡಿ. ಪ್ರೀತಿಯವರು ಕೇಳಿದಾಗ, ಬೇಕಾಗಿದ್ದರೆ ಮೊದಲನೆಯ ಸಲಕ್ಕೇ 'ಬೇಕು' ಅನ್ನಿ. ಬೇಡ ಅಂದವರ ತಟ್ಟೆಗೆ ಸುರಿಯಬೇಡಿ. ಮನೆಯ ಹಿರಿಯರ 'ಒಲ್ಲೆ' ಕೇಳಿದಾಗ ಮಾತ್ರ ಒಮ್ಮೆ ಅವರ ಮುಖ ನೋಡಿ, ರುಮಾಲು ಕಟ್ಟಿದ್ದಾರೋ ನೋಡಿ.

ಹೊರಗೆ ದಾಸೋಹಕ್ಕೆ ಗೋದಿ ಹುಗ್ಗಿ ಸಿದ್ಧವಾಗಿದೆ, ವಾಸನೆ ನಿಮಗಿಂತ ಮೊದಲು ನನಗೆ ಬಂದಿದೆ. ಬಡಿಸುವವರಿಗೆ ಹೇಳಿಟ್ಟಿದ್ದೇನೆ, ಇವತ್ತು ಯಾರನ್ನೂ ಎರಡನೆಯ ಸಲ ಕೇಳಕೂಡದು. ನಿನ್ನೆ ನಾನೂ 'ಸಾಕು, ಸಾಕು' ಎಂದು ಮೂರು ಸೌಟು ಹಾಕಿಸಿಕೊಂಡವನೇ. ಇವತ್ತು ತಟ್ಟೆ ಚಾಚಿ ಕೇಳುತ್ತೇನೆ. ಆದರೆ ಪಂಕ್ತಿಯಲ್ಲಿ ಕೂರುವ ಮೊದಲು, ಯಾರದೋ ಮನೆಯಲ್ಲಿ ನಿಮಗಾಗಿ ಒಂದು ಕುರ್ಚಿ ಖಾಲಿ ಇದೆ ಎಂದು ನೆನಪಾಗುವವರು ಆ ಬೇವಿನ ಗಿಡದ ಕೆಳಗೆ ಹೋಗಿ ಒಂದು ಫೋನು ಮಾಡಿ. 'ಅವತ್ತು ಒಲ್ಲೆ ಅಂದಿದ್ದೆ, ನನಗೆ ಬರಬೇಕಾಗಿತ್ತು' ಅನ್ನಿ. ಹುಗ್ಗಿ ಆರಿದರೆ ಚಿಂತೆಯಿಲ್ಲ, ನಿಮ್ಮ ಪಾಲು ಬಿಸಿಯಾಗಿ ಇಡಿಸುತ್ತೇನೆ. ಏಳಿ, ಹೋಗಿ ಮಾಡಿ.