ನಾಳಿ ಒಯ್ಯಿ ಬಿಜಲಿನ

ಸುಳ್ಳು! ಪೂರಾ ಸುಳ್ಳು! ಬಾಜೂಮನಿ ತಹಸೀನ್ ಫೋನ್ ಮಾಡಿ ಏನರ ಅಂದ್ಳಂತ ನೀ ಮಾನ್ವಿಯಿಂದ ಬಸ್ ಹತ್ತಿ ಬಂದುಬಿಡೋದೇನು? ಈ ಬೆಂಕಿಯಂಥ ಬಿಸಲಾಗ? ನನ್ನ ಬಿಜಲಿಗೆ ಹುಚ್ಚು ಹಿಡದಿಲ್ಲ ಮೇಘಾ. ಆಡಾಕತ್ತದ ಅದು. ಆಟ! ಬೆಕ್ಕು ಆಡಲಾರದ ಮತ್ತೇನು ಸಾಲಿಗೆ ಹೋಗ್ತದೇನು?

ತಡಿ, ತಡಿ... ಬಾಕಲ ಹಾಕು ಮೊದ್ಲ! ಲಗೂನ! ಚಿಲಕ ಸೈತ ಹಾಕು. ...ಹಾಂ. ಅಲ್ಲ, ಬಿಸಲು ಒಳಗ ಬರ್ತದಲ್ಲ, ಅದಕ್ಕ ಅಂದೆ. ಕಿಡಕಿನೂ ಅದಕ್ಕ ಹಾಕೀನಿ. ಬಚ್ಚಲ ತೂಬಿಗೆ ಅರಿವಿ ತುರುಕಿದ್ದು... ಅದು ಇಲಿ ಬರ್ತಾವಂತ. ಬೆಕ್ಕಿದ್ದ ಮನ್ಯಾಗ ಇಲಿ ಹೆಂಗ ಬರ್ತಾವಂತ ಮುಖ ಮಾಡಬ್ಯಾಡ. ಬರ್ತಾವ.

ಹೊರಗ ಆಟೋದಾಗ ಕುಂತಾಂವ ಯಾರದು? ಆಂಜನೇಯ ಅಲ್ಲ? ದನದ ದವಾಖಾನಿ ಆಂಜನೇಯ! ಪಂಜರ ಹಿಡಕೊಂಡು ಬಂದಾನ! ಯವ್ವಾ ನನ್ನವ್ವಾ, ನಿನ್ನ ನರ್ಸ್ ಓದಿಸಿದ್ದು ನನ್ನ ಬೆಕ್ಕು ಹಿಡಿಸಲಿ ಅಂತೇನು? ಹೋಗಂತ ಹೇಳು ಅವಗ. ನಾಳಿ ಬರ್ಲಿ. ನಾಳಿ ಸಂಜಿಗೆ ಬಂದು ಒಯ್ಲಿ, ನಾನ ಹಿಡದು ಪಂಜರದಾಗ ಹಾಕಿ ಕೊಡ್ತೀನಿ. ಇವತ್ತು ಬ್ಯಾಡ.

ಯಾಕ ಹಂಗ ನೋಡ್ತಿ? ನಾಳಿ ಅಂದ್ರ ನಾಳಿ. ಅದರಾಗ ಏನದ?

ಕುಂದ್ರು. ಕಾಲು ಮ್ಯಾಲ ತಗೊಂಡು ಮಂಚದ ಮ್ಯಾಲ ಕುಂದ್ರು. ಕೆಳಗ ಮಲಗ್ಯಾದ ಅದು, ಕಾಲು ಕಂಡ್ರ ಹಿಡಕೊಳ್ಳಾಕ ಬರ್ತದ. ಆಟಕ್ಕ! ಎಲ್ಲಾ ಬೆಕ್ಕೂ ಮಾಡ್ತಾವ. ನೀ ಸಣ್ಣಾಕಿದ್ದಾಗ ಬಾಕಲ ಹಿಂದ ನಿಂತು ನಿಮ್ಮಪ್ಪಗ 'ಭೋ' ಅಂತಿದ್ದಿಲ್ಲ? ನಿನಗೇನು ಹುಚ್ಚು ಹಿಡದಿತ್ತೇನು?

ಇದು ಬಂದಾಗಿಂದ ಹಿಂಗ ಅದ. ನಾ ಅಡಗಿ ಮಾಡೋ ಸಾಲ್ಯಾಗ ಅಕ್ಕಿಚೀಲದ ಹಿಂದ ಸಿಕ್ಕಾಗ ಅಂಗೈಯಷ್ಟಿತ್ತು, ಆವಾಗನ ನನ್ನ ಜಡಿ ಹಿಡದು ಜೋತಾಡಿತ್ತು. ತಹಸೀನೇ ಅಲ್ಲೇನು ಬಿಜಲಿ ಅಂತ ಹೆಸರಿಟ್ಟಾಕಿ? ಹೆಂಗ ಓಡ್ತದ ಗೊತ್ತದೇನು? ಸುಮ್ನ ಕುಂತಿರ್ತದ. ಕಣ್ಣು ದೊಡ್ಡು ಮಾಡ್ತದ. ಕುಂಡಿ ಹಿಂಗ, ಹಿಂಗ ಅಲ್ಲಾಡಸ್ತದ... ಭರ್ರ್ ಅಂತ! ಬಾಕಲದಿಂದ ಅಡಗಿಮನಿ, ಅಡಗಿಮನಿಯಿಂದ ಮಂಚ, ಮಂಚದಿಂದ ಅಲಮಾರಿ. ಮ್ಯಾಲ ಬುದ್ಧನ ಮೂರ್ತಿ ಬಾಜೂಕ ಹೋಗಿ ಕುಂತು, ಏನೂ ಆಗಿಲ್ಲ ಅನ್ನಂಗ ಕಾಲು ನೆಕ್ಕೊಂತದ. ಒಮ್ಮೊಮ್ಮೆ ಬೆನ್ನು ಮ್ಯಾಕೆತ್ತಿ, ಬಾಲ ಕಸಬರಗಿಯಂಗ ಉಬ್ಬಿಸಿ, ಅಡ್ಡಡ್ಡ ಜಿಗಿತದ. ಯಾರ ಮ್ಯಾಲ ಸಿಟ್ಟು? ಯಾರ ಮ್ಯಾಲೂ ಇಲ್ಲ. ತನ್ನ ನೆಳ್ಳಿನ ಮ್ಯಾಲ.

ಆಮ್ಯಾಲ ಗ್ವಾಡಿ ನೋಡ್ಕೊಂತ ಕುಂದ್ರತದ. ಗ್ವಾಡ್ಯಾಗ ಏನೂ ಇರಂಗಿಲ್ಲ. ನಾನೂ ಹೋಗಿ ಬಗ್ಗಿ ನೋಡ್ತೀನಿ, ಏನೂ ಇರಂಗಿಲ್ಲ.

ಯಾವುದು? ಆ ಗೀರು? ಅವು ಇದ್ಲಿ ಗೀರು. ನಾನ ಎಳದೀನಿ. ಸಾಲಿ ಸೂಟಿ ಬಿಟ್ಟು ಎಷ್ಟು ದಿನ ಆತಂತ... ಒಂಬತ್ತವೇನು? ಇರಬೇಕು. ನೀ ಬೆರಳು ಮಡಚಿ ಎಣಸಬ್ಯಾಡ ಮೇಘಾ. ಸೂಟಿ ಬಿಟ್ಟು ಇಪ್ಪತ್ತು ದಿನ ಆಗ್ಯಾವಂತ ನಂಗೂ ಗೊತ್ತದ. ನಡುವ ಮರತಿರ್ತೀನಿ. ವಯಸ್ಸಾತು.

ಆ ಬಟ್ಟಲಗಳು ಬೆಕ್ಕಿಗೆ. ನೀರು. ನಾಕು ಕಡಿ ಇಟ್ಟೀನಿ, ಶೆಕಿ ಭಾಳ ಅದಲ್ಲ. ಕುಡಿತದ, ಚೆಂದಾಗಿ ಕುಡಿತದ. ಮುಂಜಾನಿ ಕುಡದದ, ಹತ್ತಕ್ಕ ಕುಡದದ, ಹನ್ನೆರಡಕ್ಕ ಮೂಸಿ ಬಿಟ್ಟು ಹೋತು, ಒಂದೂವರಿಗೆ ಮತ್ತ ಕುಡದದ. ...ಅಲ್ಲ, ಏನು ಕಾಯಕೊಂತ ಕುಂತಿಲ್ಲ ನಾ. ಕಣ್ಣಿಗೆ ಬಿದ್ದದ್ದು ಹೇಳಿದೆ.

ಮಾತಾಡವಲ್ಲಿ ಯಾಕ? ಬಂದಾಗಿಂದ ನೋಡಾಕತ್ತೀನಿ, ಬಾಯಿ ಹೊಲಕೊಂಡು ಬಂದಂಗ ಕುಂತಿ. ಬೈಯಾಕ ಬಂದಾಕಿ ಬೈ! ನೀ ಸುಮ್ನಿದ್ರ ನಂಗ ಸೇರಂಗಿಲ್ಲ, ನಿಂಗ ಗೊತ್ತದ. ಆವತ್ತು ನಿನ್ನ ದವಾಖಾನಿಗೆ ಬುತ್ತಿ ತಂದಿದ್ದೆ ನೋಡು... ಎಲ್ಲಾರಿಗೂ ಹೆಂಗ ಬೈತಿದ್ದಿ! 'ಗುಳಿಗಿ ಯಾಕ ನುಂಗಿಲ್ಲ, ನಿಮ್ಮ ಮನಿ ಹಾಳಾಗ, ಎದ್ದು ಅಡ್ಡಾಡು' ಅಂತ. ನನಗ ನಾಚಿಕಿ ಆತು. ಮೂಲ್ಯಾಗ ಒಬ್ಬಾಕಿ ಮುದುಕಿ ಮಲಗಿದ್ಳು. ಆಕಿ ಹಂತ್ಯಾಕ ಹೋಗಿ ಸುಮ್ನ ಹೊದಿಕಿ ಸರಿ ಮಾಡಿ ಬಂದಿ. ಆಕಿಗ್ಯಾಕ ಬೈಲಿಲ್ಲ ಅಂತ ಕೇಳಿದ್ರ ಏನಂದಿ? 'ಬೈಯೋದು ಮನಿಗೆ ಹೋಗೋರಿಗೆ, ಯವ್ವಾ.' ಆವತ್ತು ಬಸ್ಸಿನಾಗ ನಾ ಊರು ಬರೋತನ ಅದನ್ನ ನೆನಸ್ಕೊಂತ ಬಂದೀನಿ.

ಶ್! ...ಕೇಳಿಸ್ತೇನು? ಉಗುರಿನ ಸಪ್ಪಳ. ಎದ್ದದ. ಅಲ್ಲಾಡಬ್ಯಾಡ. ಅಲ್ಲಾಡಬ್ಯಾಡ ಅಂದೆ!

ಬಂತು, ಬಂತು, ಬಂತು! ಕಾಲೆತ್ತು! ...ಅಬಬಬಾ! ಪರ್ದಾ ಹರದೇ ಬಿಡ್ತು! ಇಳಿ ಬಿಜಲಿ, ಇಳಿ... ಮತ್ತ ಅಡಗಿಮನಿಗೆ! ಮತ್ತ ಬಂತು! ನೋಡು, ನೋಡು, ತನ್ನ ಬಾಲ ತಾನ ಹಿಡಿಯಾಕ ಹೊಂಟದ! ಹ್ಹ ಹ್ಹ ಹ್ಹ... ಬಾಯಾಗ ಜೊಲ್ಲಿಲ್ಲ. ನೋಡಿದಿಲ್ಲ? ಜೊಲ್ಲಿಲ್ಲ, ಕಾಲು ಸೋತಿಲ್ಲ, ದನಿ ಬದಲಾಗಿಲ್ಲ. ಹೆಂಗ ಜಿಗದ್ತು! ಹ್ಹ ಹ್ಹ...

ನೀ ಯಾಕ ನಗವಲ್ಲಿ? ನಾನೊಬ್ಬಾಕಿನ ನಗಾಕತ್ತೀನಿ.

ಇಲ್ಲ, ಜೊಲ್ಲಿಂದು ನಂಗ ಯಾರೂ ಹೇಳಿಲ್ಲ. ಹುಚ್ಚು ಹಿಡದ್ರ ಜೊಲ್ಲು ಸುರೀತದ, ನೀರು ಕಂಡ್ರ ಹೆದರಿಕಿ ಬರ್ತದಂತ ಊರಿಗೆಲ್ಲಾ ಗೊತ್ತದ. ಹನ್ನೊಂದು ದಿನದ ಹಿಂದ ಓಣ್ಯಾಗ ಹುಚ್ಚುನಾಯಿ ಹೊಕ್ಕಾಗ ನೋಡೀನಲ್ಲ. ತಹಸೀನ್ ಮಗಳಿಗೆ ಪರಚಿತು. ತಹಸೀನ್ ಆ ಗಾಯಕ್ಕ ಅರಿಶಿಣ ಹಚ್ಚಿಕೊಂತ ಕುಂತಿದ್ಳು. ಕೈ ಹಿಡದು ಸರ್ಕಾರಿ ದವಾಖಾನಿಗೆ ಎಳಕೊಂಡು ಹೋದಾಕಿ ಯಾರು? ನಾನ! 'ನನ್ನ ಮಗಳು ನರ್ಸ್ ಅದಾಳ, ಒಂದು ದಿನ ಸೈತ ತಡ ಮಾಡಬಾರ್ದು ಅಂತಾಳ' ಅಂತ ಬೈದು ಒಯ್ದೆ. ಈಗ ಆಕಿನ ನನ್ನ ಮ್ಯಾಲ ಚಾಡಿ ಹೇಳ್ತಾಳ. ಇರ್ಲಿ ಬಿಡು.

ಬಿಜಲಿ ಕಿವಿ? ಹರದದ, ಹೌದು. ಅದು ಗಂಡುಬೆಕ್ಕಿನ ಜೋಡಿ ಜಗಳಾಡಿದ್ದು. ...ಗಂಡುಬೆಕ್ಕು ಅಂದೆನಲ್ಲ!

ಎಲ್ಲಿಗೆ ಎದ್ದಿ? ಅಡಗಿಮನ್ಯಾಗ ಏನದ ನೋಡಾಕ? ಊಟ ಬೇಕಂದ್ರ ನಾ ಬಡಸ್ತೀನಿ, ನೀ ಕುಂದ್ರು. ರೊಟ್ಟಿಬುಟ್ಟಿ ಯಾಕ ತಗದಿ... ಅವು ಅಂಗಡಿವು. ಕಟಕ ರೊಟ್ಟಿ. ತಂದೆ, ಏನೀಗ? ನಾ ಏನು ದಿನಾ ಬಡಿಬೇಕಂತ ಕಾಯ್ದೆ ಅದೇನು? ಸಾಲ್ಯಾಗ ನೂರಾ ಎಂಬತ್ತು ಹುಡುಗರಿಗೆ ಅಡಗಿ ಮಾಡಿ ಮಾಡಿ ಸಾಕಾಗ್ಯಾದ ನಂಗ. ನಿಮ್ಮಪ್ಪನೂ ಕೇಳಿದ, 'ಕನಕಿ, ಇದೇನು ಹಪ್ಪಳ ಹಾಕಾಕತ್ತಿ ಒಂದ್ ವಾರದಿಂದ' ಅಂತ. ಸುಮ್ನ ತಿನ್ನು ಅಂದೆ. ತಿಂದು ದೇವಸುಗೂರಿಗೆ ಡ್ಯೂಟಿಗೆ ಹೋದ. ಆತು.

ಕೈಗೇನಾಗಿಲ್ಲ. ಸೆರಗಿನಾಗ ಇಟ್ಟೀನಿ, ಅಷ್ಟ. ಹಂಚು ತಾಗಿತ್ತು ಜರಾ. ಸುಟ್ಟಿತ್ತು, ಮಾದದ. ತೋರ್ಸೋವಂಥದ್ದೇನಿಲ್ಲ. ನರ್ಸ್ ಅಂತ ಮನ್ಯಾಗೂ ಡ್ಯೂಟಿ ಮಾಡಬ್ಯಾಡ.

ಇದೇನು? ನೀರ್ಯಾಕ ತಂದಿ? ತಂಬಿಗಿ ತುಂಬ... ನಾ ಕೇಳಿಲ್ಲಲ್ಲ. ಇಡು ಅಲ್ಲಿ, ಆಮ್ಯಾಲ ಕುಡಿತೀನಿ.

ಇಡು ಅಂದ್ನೆಲ್ಲ ಮೇಘಾ.

ಎಷ್ಟೊತ್ತು ಹಿಂಗ ಹಿಡಕೊಂಡು ನಿಂದ್ರತಿ? ನೀರು ಚೆಲ್ಲಾಕತ್ತದ... ತಾ ಇಲ್ಲಿ! ನೋಡು. ಕುಡಿತೀನಿ ನೋಡು.

...ಹಾಂ. ಪೂರಾ ಕುಡದೆ. ಗಟಗಟ ಕುಡದೆ, ಒಂದು ಹನಿ ಬಿಟ್ಟಿಲ್ಲ. ನೆತ್ತಿಗೇರಲಿಲ್ಲ, ಗಂಟಲು ಹಿಡೀಲಿಲ್ಲ. ಸಾಕೇನು? ಹರವಿ ನೀರು ಏನು ತಣ್ಣಗ ಅದ! ನಂಗೇನಾಗ್ಯಾದ? ಏನೂ ಆಗಿಲ್ಲ! ಖಾಲಿ ತಂಬಿಗಿ ಹಿಡಿ, ಬಗ್ಗಿಸಿ ನೋಡು ಬೇಕಾದ್ರ...

ಏನು? ಏನು ನೋಡಾಕತ್ತಿ?

...ಸೆರಗು ಜಾರ್ತು.

ಹಂಚಿಂದದು. ...ಹೌದವ್ವ, ಹಂಚಿಗೆ ಹಲ್ಲಿರಂಗಿಲ್ಲ. ಗೊತ್ತದ.

ಮುಟ್ಟಬ್ಯಾಡ. ಹೇಳ್ತೀನಿ. ಆಟಕ್ಕ ಕಚ್ಚಿತು ಮೇಘಾ, ನಿನ್ನಾಣೆ. ಮೊರದಾಗ ಅಕ್ಕಿ ಹಸನ ಮಾಡ್ಕೊಂತ ಕುಂತಿದ್ದೆ, ಕೈ ಅತ್ತಿತ್ತ ಆಡೋದು ನೋಡಿ ಜಿಗದ್ತು. ದಿನಾ ಜಿಗಿತಿತ್ತು, ಆವತ್ತು ಹಲ್ಲು ಇಳೀತು. ರಕ್ತ ಬಂತು. ನಾ ನಕ್ಕು ಒಂದೇಟು ಕೊಟ್ಟೆ ಅದಕ್ಕ. ಆಮ್ಯಾಲ ಅದರ ಕಿವಿ ಕಾಣಿಸ್ತು. ಗಂಡುಬೆಕ್ಕಲ್ಲ. ಅದಕ್ಕೂ ಎರಡು ದಿನ ಮೊದ್ಲ ಆ ಹುಚ್ಚುನಾಯಿನೇ ಅದರ ಕಿವಿ ಹಿಡದಿತ್ತು, ಕಟ್ಟಿ ಮ್ಯಾಲ ನಿಂತು ನಾನ ಕಣ್ಣಾರೆ ನೋಡೀನಿ. ಅಕ್ಕಿ ಹಂಗ ಬಿಟ್ಟೆ.

ಸೂಜಿಗೆ ಹೆದರಿಲ್ಲ ನಾ. ಹೊಟ್ಟಿಗಲ್ಲ, ತೋಳಿಗೆ ಹಾಕ್ತಾರ ಈಗ, ತಹಸೀನ್ ಮಗಳಿಗೆ ಹಾಕೋವಾಗ ನಾನ ಹಿಡಕೊಂಡಿದ್ದೆ. ಅಲ್ಲಿಗೆ ಹೋಗಿ ಚೀಟಿ ಮಾಡಿಸಿ, 'ಏನಾತು' ಅಂತ ಕೇಳಿದ್ರ 'ಕಚ್ಚ್ಯಾದ' ಅನ್ನಬೇಕಲ್ಲ... ಅಂದ್ರ ಖರೇ ಆಗಿಬಿಡ್ತದ ಅಂತ ಹೆದರಿದೆ. ಅನ್ನಲಿಲ್ಲ ಅಂದ್ರ ಬರೇ ಆಟ. ಬೆಕ್ಕಿನ ಆಟ. ಮತ್ತ ನೀ ಫೋನಿನಾಗ ತಹಸೀನಗ ಹೇಳಿದ್ದಿ ನೋಡು, 'ಮೊದ್ಲ ಸೂಜಿ ಹಾಕಿಸ್ರಿ, ಸಾಕಿದ ಪ್ರಾಣಿ ಕಚ್ಚಿದ್ರ ಹತ್ತು ದಿನ ಕಟ್ಟಿಹಾಕಿ ನೋಡ್ರಿ, ಸಾಯಲಿಲ್ಲಂದ್ರ ಹೆದರಿಕಿಲ್ಲ' ಅಂತ. ನೀ ಎರಡು ಮಾತು ಹೇಳಿದ್ದಿ. ನಾ ಎರಡನೇದೊಂದ ಇಟ್ಕೊಂಡೆ.

ಹೌದು. ಗೀರು ಅದಕ್ಕ. ಒಂಬತ್ತು. ನಾಳಿ ಸಂಜಿಗೆ ಹತ್ತು. ಅಲ್ಲಿತನ ಅದು ಹೊರಗ ಹೋಗಬಾರದು, ಎಲ್ಲೆರ ಹೋಗಿ ಸತ್ರ ನಂಗ ಹೆಂಗ ತಿಳೀಬೇಕು? ಆಂಜನೇಯ ಒಯ್ದ್ರ ಯಾರು ನೋಡಿ ಹೇಳ್ತಾರ ನಂಗ? ಅದಕ್ಕ ನಾಳಿ ಅಂದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಒಂಬತ್ತು ದಿನದಿಂದ ಈ ಮನ್ಯಾಗ ಇಲಿ ನಾನ. ಓಡಿದ್ರ ಹುಚ್ಚು ಹಿಡೀತೇನೋ ಅಂತ ಹೆದರಿಕಿ, ಮಲಗಿದ್ರ ಸತ್ತೇ ಹೋತೇನೋ ಅಂತ ಹೆದರಿಕಿ. ಗಳಿಗೆಗೊಮ್ಮೆ ಬಗ್ಗಿ ನೋಡ್ತೀನಿ, ಹೊಟ್ಟಿ ಏರಿ ಇಳಿಯಾಕತ್ತದೇನು ಅಂತ. ಅದು ಕಣ್ಣು ತಗದು ನನ್ನ ನೋಡ್ತದ. ಇಬ್ರೂ ಒಬ್ರಿಗೊಬ್ರು ಹೆದರಿ ಕುಂದ್ರತೀವಿ.

ಊರಿಗೆಲ್ಲಾ ಬುದ್ಧಿ ಹೇಳಿದೆ. ಹೇಳೋದು ಆಚಾರ, ತಿನ್ನೋದು ಬದ್ನಿಕಾಯಿ ಅನ್ನು. ಅನ್ನಲ್ಲ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗ ಮಾಡಿದಿ ಅನ್ನು. 'ಎರಡು ವರ್ಷದಿಂದ ಬಡಕೊಂಡೆ, ಆ ಬೆಕ್ಕಿಗೆ ಸೂಜಿ ಹಾಕಿಸು ಅಂತ' ಅನ್ನು. ಅನ್ನಾಕ ಏನೇನು ಅದ ನಿಂಗ! ಬಚ್ಚಲಿಗ್ಯಾಕ ಹೊಂಟಿ?

ಸಾಬೂನು ತಂದಿಯೇನು? ಒಂಬತ್ತು ದಿನದ ಗಾಯಕ್ಕ ಈಗ ಸಾಬೂನಾ? ಆತು, ತೊಳಿ. ಉರಿಯಂಗಿಲ್ಲ. ಎಷ್ಟು ಮೆತ್ತಗ ತಿಕ್ಕಾಕತ್ತಿ... ನೀ ಸಣ್ಣಾಕಿದ್ದಾಗ ನಿನ್ನ ಮಣಕಾಲಿಗೆ ನಾ ಹಿಂಗ ತಿಕ್ಕಿಲ್ಲ ಬೇ, ಚೀರಿಸಿ ಚೀರಿಸಿ ತಿಕ್ಕೀನಿ. ಜರಾ ಗಟ್ಟಿಯಾಗಿ ತಿಕ್ಕು.

ಆಂಜನೇಯಗ ಕರಿ, ಒಯ್ಲಿ ಬಿಜಲಿನ. ಇವತ್ತ ಒಯ್ಲಿ. ಎರಡು ಹೊತ್ತು ನೋಡಿ ನಿನಗ ಫೋನ್ ಮಾಡ್ಲಿ. ಮೀನಿನ ತುಂಡು ಹಾಕಂತ ಹೇಳು, ಬರೇ ಅನ್ನ ತಿನ್ನಂಗಿಲ್ಲ ಅದು. ನಡಿ, ನಾನೂ ಬರ್ತೀನಿ ದವಾಖಾನಿಗೆ, ಈಗಿಂದೀಗ ಬರ್ತೀನಿ. ಚಪ್ಪಲಿ ಹಾಕ್ಕೊಂಡೆ ನೋಡು. ಎಷ್ಟರ ಸೂಜಿ ಹಾಕ್ಲಿ, ಒಟ್ಟಿಗೇ ಹಾಕ್ಲಿ. ತಡ ಆಗಿಲ್ಲಲ್ಲ? ...ಮೇಘಾ? ತಡ ಆಗಿಲ್ಲಲ್ಲ?

ಏ... ಸೆರಗ್ಯಾಕ ಸರಿ ಮಾಡ್ತಿ? ಬಿಡು. ನನ್ನ ಸೆರಗು ನಾ ಹೊಚ್ಕೋತೀನಿ, ಕೈ ತಗಿ! ಹಂಗ ಸುಮ್ನ ಮಾಡಬ್ಯಾಡ. ಆ ಮುದುಕಿಗೆ ಮಾಡಿದಂಗ ನನಗ ಮಾಡಬ್ಯಾಡ ಯವ್ವಾ. ನಾ ಮನಿಗೆ ಬರ್ತೀನಲ್ಲ? ಸೂಜಿ ಹಾಕಿಸ್ಕೊಂಡು ಮನಿಗೆ ಬರ್ತೀನಲ್ಲ ನಾ?

ಹಂಗಾದ್ರ ಬೈ. ಹೊರಗ ಆಂಜನೇಯಗ ಕೇಳಬೇಕು, ತಹಸೀನ್ ಬಾಕಲ ತಗದು ಬರಬೇಕು, ಹಂಗ ಬೈ. ಮೇಘಾ... ಒಂದ ಸಲ ಬೈ ಬೇ ನನಗ!