ಕಿರ್ಕ್ ಅಂದರೆ ಯಾರ ಮನೆ?

ಸ್ಕಾಟ್ಲೆಂಡ್ ಅನ್ನುವ ಚಳಿನಾಡಿನ ಒಂದು ಗುಡ್ಡದೂರಲ್ಲಿ ಒಬ್ಬ ಸಿರಿವಂತನಿದ್ದ. ತನ್ನ ಕುರಿಗಳೆಷ್ಟು ಅಂತ ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹನ್ನೆರಡು ಮಂದಿ ಕೂರುವ ಮೇಜಿನಲ್ಲಿ ಒಬ್ಬನೇ ಉಣ್ಣುತ್ತಿದ್ದ. ನೋಡಿ, ಈ ಮೇಜನ್ನು ನೆನಪಿಟ್ಟುಕೊಳ್ಳಿ.

ಅವನು ಊರಿನ ಕ್ರೈಸ್ತ ಸಭೆಯ ಹಿರಿಯನೂ ಆಗಿದ್ದ. ಆ ನಾಡಿನವರು ದೇವಾಲಯಕ್ಕೆ, ಅಂದರೆ ಚರ್ಚಿಗೆ, ಕಿರ್ಕ್ ಅನ್ನುತ್ತಾರೆ. ನಾನೇನು ದೊಡ್ಡ ಓದು ಓದಿದವನಲ್ಲ, ಹಳೆಯ ನಿಘಂಟು ಹಿಡಿದು ಕೂತು ಇಷ್ಟು ತಿಳಿದುಕೊಂಡೆ. ಈ ಮಾತಿನ ಬೇರು ಗ್ರೀಕರ ಬಾಯಲ್ಲಿದೆ, ‘ಕುರಿಯಕೋನ್’ ಅಂತ. ‘ಕರ್ತನದು’, ಅಂದರೆ ಪ್ರಭುವಿನದು, ಅನ್ನುವುದಷ್ಟೇ ಅದರ ಅರ್ಥ. ಬಾಯಿಂದ ಬಾಯಿಗೆ ಉತ್ತರಕ್ಕೆ ನಡೆಯುತ್ತ ಸವೆದು ಸವೆದು ಕಿರ್ಕ್ ಆಯಿತು. ಕಲ್ಲಿನ ಕಟ್ಟಡಕ್ಕೆ ಆ ಹೆಸರು ಬಂತು. ಆ ನಾಡಿನ ಸಭೆಗೂ ಅದೇ ಹೆಸರು, ಸಭೆ ನಡೆಸುವ ಹಿರಿಯರ ಕೂಟಕ್ಕೂ ಅದೇ ಹೆಸರು. ಕರ್ತನದು ಅಂತ ಹೊರಟ ಮಾತು ಕೊನೆಗೆ ಯಾರದಾಯಿತು? ಹೇಳುತ್ತೇನೆ, ಕೇಳಿ.

ಅಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ, ಸಭೆಯೆಲ್ಲ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಬರುವ ಮುಂಚೆ, ಹಿರಿಯ ಮನೆಮನೆಗೆ ಹೋಗಬೇಕು. ಕೂತು, ಕ್ಷೇಮ ಕೇಳಿ, ಪ್ರಾರ್ಥಿಸಿ, ಪ್ರತಿಯೊಬ್ಬರ ಕೈಗೆ ಸೀಸದ ಒಂದು ಪುಟ್ಟ ಬಿಲ್ಲೆ ಕೊಡಬೇಕು. ಬಿಲ್ಲೆ ಇದ್ದವರಿಗೆ ಮಾತ್ರ ಭೋಜನದ ಸಾಲಿನಲ್ಲಿ ಜಾಗ.

ಆ ವರ್ಷ ಕಿರ್ಕಿಗೆ ಹೊಸ ಚಾವಣಿ ಹಾಕಿಸುವ ಕೆಲಸದಲ್ಲಿ ನಮ್ಮ ಸಿರಿವಂತನಿಗೆ ಬಿಡುವಿರಲಿಲ್ಲ. ಶನಿವಾರ ಎಲ್ಲರೂ ಕಿರ್ಕಿನ ಬಾಗಿಲಿಗೇ ಬಂದು ಬಿಲ್ಲೆ ತೆಗೆದುಕೊಳ್ಳಲಿ ಅಂತ ಸಾರಿಸಿಬಿಟ್ಟ. ತಪ್ಪೇನು? ಜನ ಬಂದರು, ತೆಗೆದುಕೊಂಡರು, ಅರ್ಧ ತಾಸಿನಲ್ಲಿ ಮುಗಿಯಿತು. ಚೀಲದಲ್ಲಿ ಒಂದು ಬಿಲ್ಲೆ ಉಳಿಯಿತು.

ಭಾನುವಾರ ಗುಡ್ಡದ ಮೇಲಿನ ಮುದುಕಿ, ಕುರುಬನೊಬ್ಬನ ವಿಧವೆ, ಬರಿಗೈಯಲ್ಲಿ ಬಂದು ನಿಂತಳು. ಅವರ ಭಾಷೆ ನನಗೆ ಬಾರದು, ನಮ್ಮ ಬೆಟಗೇರಿ ಮಾತಿನಲ್ಲೇ ಆಡಿಸುತ್ತೇನೆ.

“ನಿನ್ನಿ ಬಂದು ತಗೋಬೇಕಿತ್ತಲ್ಲ ಅಮ್ಮಾ, ಸಾರಿದ್ದು ಕೇಳಲಿಲ್ಲೇನು?” ಅಂದ ಸಿರಿವಂತ.

“ಕೇಳೀನಪಾ. ಆದ್ರ ನಿನ್ನಿ ನಾ ಮನ್ಯಾಗ ಇರಬೇಕಿತ್ತು. ನೀ ಬರಾವ ಇದ್ದೆಲ್ಲ.”

ಅವನು ಚೀಲದಿಂದ ಬಿಲ್ಲೆ ತೆಗೆದು ಚಾಚಿದ. ಆಕೆ ಕೈಯೊಡ್ಡಲಿಲ್ಲ. ಬಾಗಿಲಿನಾಗ ನಿಂತು ತಗೊಳ್ಳಾಕ ಇದೇನು ರೇಷನ್ನೇನಪಾ ಅಂದವಳೇ ಹಿಂದಿನ ಬೆಂಚಿಗೆ ಹೋಗಿ ಕೂತಳು. ಊರೆಲ್ಲ ರೊಟ್ಟಿ ಮುರಿದು ಹಂಚಿಕೊಂಡಿತು, ಆಕೆ ನೋಡುತ್ತ ಕೂತಿದ್ದಳು. ಮುಗಿದ ಮೇಲೆ ಜನ ಕತ್ತೆತ್ತಿ ಚಾವಣಿ ಹೊಗಳಿದರು. ಸಿರಿವಂತನ ಕಿವಿಗೆ ಒಂದು ಮಾತೂ ಇಳಿಯಲಿಲ್ಲ. ಮನೆಗೆ ಹೋಗಿ ಆ ಹನ್ನೆರಡು ಕುರ್ಚಿಗಳ ಮುಂದೆ ಕೂತ. ಉಳಿದ ಆ ಬಿಲ್ಲೆಯನ್ನು ತಟ್ಟೆಯ ಪಕ್ಕ ಇಟ್ಟ.

ಸೋಮವಾರ ಬಿಲ್ಲೆ ಹಿಡಿದು ಗುಡ್ಡ ಹತ್ತಿದ. ಒಂದೇ ಕೋಣೆಯ ಮನೆ. ಒಲೆಯ ಮುಂದೆ ಎರಡು ಕುರ್ಚಿ. ಒಂದರ ಮೇಲೆ ಶುಭ್ರವಾದ ಬಟ್ಟೆ. ಶನಿವಾರ ಅವನಿಗೆಂದು ಹಾಸಿದ್ದನ್ನು ಆಕೆ ಇನ್ನೂ ತೆಗೆದಿರಲಿಲ್ಲ.

“ಊಟ ಆಗಿಹೋತಲ್ಲೋ,” ಅಂದಳು. “ಇನ್ನ ಈ ಬಿಲ್ಲಿ ಏನ್ ಮಾಡ್ಲಿ? ನನ್ನ ಹೆಸರು ಹಿಡಿದು ಬಾಗಲಾ ಬಡಿಯೋದು ವರ್ಷಕ್ಕೊಮ್ಮಿ, ನೀ ಒಬ್ಬನ.”

ಆದರೂ ಅವನು ಬಿಲ್ಲೆಯನ್ನು ಆಕೆಯ ಕೈಗಿಟ್ಟ. ಆಕೆಗೇ ಏನೋ ಹೊಳೆಯಿತು.

“ಅಲ್ಲೋ, ನಿನ್ನ ಬಿಲ್ಲಿ ನಿನಗ ಯಾರು ತಂದು ಕೊಡ್ತಾರ?”

ಯಾರು ಕೊಡುತ್ತಾರೆ? ಹಿರಿಯ ತನ್ನದನ್ನು ತಾನೇ ಚೀಲದಿಂದ ತೆಗೆದುಕೊಳ್ಳುತ್ತಿದ್ದ. ಅವನ ಮನೆಯ ಬಾಗಿಲು ಬಡಿದವರು ಯಾರೂ ಇರಲಿಲ್ಲ. ಆಕೆ ಆ ಬಿಲ್ಲೆಯನ್ನು ಅವನ ಅಂಗೈಗಿಟ್ಟು ಬೆರಳು ಮಡಚಿದಳು.

“ಈ ವರ್ಷದ್ದು ನಾ ಕೊಟ್ಟೀನಿ. ಕುಂದ್ರು.”

ಅವನು ಕೂತ. ಪ್ರಿಯರೇ, ಕಿರ್ಕ್ ಅನ್ನುವ ಮಾತು ಅಷ್ಟು ದೂರ ನಡೆದು, ಕಲ್ಲಾಗಿ, ಕೂಟವಾಗಿ, ಆವತ್ತು ಆ ಎರಡು ಕುರ್ಚಿಗಳ ನಡುವೆ ಮತ್ತೆ ಕರ್ತನದಾಯಿತು.

ನಮ್ಮ ಸಭೆಯಲ್ಲಿ ನಾವು ಬಿಲ್ಲೆ ಹಂಚುವುದಿಲ್ಲ. ಆದರೆ ಆರಾಧನೆಯ ಹೊತ್ತನ್ನು ವಾಟ್ಸಾಪಿನಲ್ಲಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಬಾಗಿಲಿಗೇ ಬನ್ನಿ ಅಂದಂತಲ್ಲವೇ ಅದು? ಆ ಕಿಟಕಿಯ ಪಕ್ಕದ ಜಾಗ ನೋಡಿ. ಸುಗಂಧವ್ವ ಬಾರದೆ ಆರು ವಾರವಾಯಿತು. ನೀವು ಹೋದಿರಾ? ನಾನೂ ಹೋಗಿಲ್ಲ. ಪೀಠದ ಮೇಲೆ ನಿಂತು ಹೇಳಲು ನಾಚಿಕೆಯಾಗುತ್ತದೆ. ಆಕೆ ಬೇರೆಲ್ಲೋ ಇಲ್ಲ, ನೀರಿನ ಟಾಕಿಯ ಹಿಂದಿನ ಓಣಿಯಲ್ಲಿದ್ದಾಳೆ.

ಇವತ್ತು ಆರಾಧನೆ ಮುಗಿದ ಮೇಲೆ ನಾನು ಅಲ್ಲಿಗೆ ಹೋಗುತ್ತೇನೆ. ನೀವೆಲ್ಲ ನನ್ನ ಹಿಂದೆ ಬರಬೇಡಿ. ನಿಮ್ಮ ನಿಮ್ಮ ಓಣಿಯಲ್ಲೂ ಬಾಗಿಲುಗಳಿವೆ. ಫೋನು ಮಾಡಬೇಡಿ, ಹೋಗಿ. ಹೆಸರು ಹಿಡಿದು ಕರೆಯಿರಿ. ಕೂತುಕೋ ಅಂದರೆ, ಹೊತ್ತಾಯಿತು ಅನ್ನದೆ ಕೂತುಕೊಳ್ಳಿ.